ಐಟಿ ಮ್ಯಾನೇಜರ್‌ ಕೆಲಸದಿಂದ ಬೋರ್ಡ್‌ವರೆಗೆ: ನಾನು ಹೋದ ದಾರಿ, ಕಾದ ಕಾಲ, ಆದ ಖರ್ಚು

ಬೆಂಗಳೂರಿನ ಮಧ್ಯಮ ಗಾತ್ರದ ಒಂದು ಸಾಫ್ಟ್‌ವೇರ್ ಕಂಪನಿಯ ಬೋರ್ಡಿಗೆ, ಅಂದರೆ ನಿರ್ದೇಶಕರ ಮಂಡಳಿಗೆ, ನಾನು ಸ್ವತಂತ್ರ ನಿರ್ದೇಶಕಿಯಾಗಿ ಸೇರಿದ್ದೇನೆ. ಷೇರುದಾರರ ಒಪ್ಪಿಗೆ ಈಗಷ್ಟೇ ಸಿಕ್ಕಿದೆ. ಮನಸ್ಸು ಮಾಡಿದಾಗಿನಿಂದ ಇಲ್ಲಿಗೆ ಬರೋಕೆ ಹತ್ತಿರ ಹತ್ತಿರ ಎರಡು ವರ್ಷ ಹಿಡಿಯಿತು. ಶುರುವಿನಲ್ಲಿ ಯಾರನ್ನು ಕೇಳಬೇಕು ಅಂತಲೇ ಗೊತ್ತಾಗಲಿಲ್ಲ. ನನಗೆ ಪರಿಚಯವಿದ್ದ ನಿರ್ದೇಶಕರೆಲ್ಲ ಗಂಡಸರು. ಅವರಿಗೆಲ್ಲ ಯಾರೋ ಹಳೆಯ ಸಹೋದ್ಯೋಗಿ ಫೋನ್ ಮಾಡಿ ಕರೆದಿದ್ದರು. ಅರ್ಜಿ, ಪರೀಕ್ಷೆ, ಹುಡುಕಾಟ ಯಾವುದೂ ಅವರಿಗೆ ಗೊತ್ತಿರಲಿಲ್ಲ. ಹಾಗಾಗಿ ನೆನಪು ಹಸಿಯಾಗಿರುವಾಗಲೇ ಎಲ್ಲ ಬರೆದಿಡುತ್ತಿದ್ದೇನೆ. ಇಪ್ಪತ್ತು, ಇಪ್ಪತ್ತೈದು ವರ್ಷ ಐಟಿಯಲ್ಲಿ ದುಡಿದು ಇನ್ನು ಮುಂದೇನು ಅಂತ ಯೋಚಿಸುತ್ತಿರುವ ಹೆಣ್ಣುಮಕ್ಕಳು ತುಂಬಾ ಜನ ಇದ್ದೀರಿ. ಇದು ನಿಮಗಾಗಿ.

ನಾನು ಹಾಸನದಲ್ಲಿ ಇಂಜಿನಿಯರಿಂಗ್ ಓದಿದವಳು. ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿಗೆ ಬಂದೆ. ಟ್ರೈನಿಂಗ್ ಬ್ಯಾಚಿನಲ್ಲಿ ಹುಡುಗಿಯರು ಸಾಕಷ್ಟಿದ್ದೆವು, ನಮ್ಮದೇ ಒಂದು ಸಾಲು ಇತ್ತು. ಟೀಮ್ ಲೀಡ್ ಆಗುವಾಗಲೂ ಪರವಾಗಿರಲಿಲ್ಲ. ಮೊದಲ ಮಗು, ಆಮೇಲೆ ಎರಡನೇ ಮಗು, ಅತ್ತೆ ಮಾವನ ಆರೋಗ್ಯ, ಗಂಡನಿಗೆ ಬೇರೆ ಊರಿಗೆ ವರ್ಗ. ಒಬ್ಬೊಬ್ಬರಾಗಿ ಕಡಿಮೆಯಾದರು. ನಾನು ಡೆಲಿವರಿ ಹೆಡ್ ಆಗುವ ಹೊತ್ತಿಗೆ ತಿಂಗಳ ರಿವ್ಯೂ ಮೀಟಿಂಗ್‌ನಲ್ಲಿ ನನ್ನ ಜೊತೆ ಇದ್ದ ಇನ್ನೊಬ್ಬ ಹೆಂಗಸು ಎಚ್‌ಆರ್‌ನವರು ಮಾತ್ರ. ದೇಶದ ಐಟಿ ಕೆಲಸಗಾರರಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಹೆಂಗಸರು. ಆದರೆ ಮೇಲಿನ ಹುದ್ದೆಗೆ ಬಂದಾಗ ಹೆಸರು ಹಿಡಿದು ಎಣಿಸಬೇಕು: ಮೈಕ್ರೋಸಾಫ್ಟ್ ಇಂಡಿಯಾ, ಎಚ್‌ಪಿ ಇಂಡಿಯಾ ನಡೆಸಿದ ನೀಲಂ ಧವನ್, ಇಂಟೆಲ್ ಇಂಡಿಯಾ ನಡೆಸಿದ ಕುಮುದ್ ಶ್ರೀನಿವಾಸನ್, ಐಬಿಎಂ ಇಂಡಿಯಾ ನಡೆಸಿದ ವನಿತಾ ನಾರಾಯಣನ್, ಎಚ್‌ಸಿಎಲ್‌ಟೆಕ್‌ನ ರೋಶನಿ ನಾಡರ್. ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂಗೆ ಮೊದಲ ಮಹಿಳಾ ಅಧ್ಯಕ್ಷೆ ಬಂದಿದ್ದು 2018ರಲ್ಲಿ, ದೇಬಜಾನಿ ಘೋಷ್. ಹೀಗೆ ಹೆಸರು ನೆನಪಿಟ್ಟುಕೊಳ್ಳೋಕೆ ಆಗುತ್ತಿದೆ ಅನ್ನೋದೇ ತೊಂದರೆ. ಗಂಡಸರ ಪಟ್ಟಿ ಹೀಗೆ ಹೇಳಿ ಮುಗಿಸೋಕಾಗುತ್ತಾ?

ನನ್ನ ಕಂಪನಿಯಲ್ಲಿ ಬೆಂಗಳೂರು ಕೇಂದ್ರದ ಮುಖ್ಯಸ್ಥರ ಹುದ್ದೆ ಖಾಲಿಯಾಯಿತು. ನನ್ನ ಹೆಸರು ಚರ್ಚೆಗೆ ಬಂದಿತ್ತಂತೆ. ಸಿಕ್ಕಿದ್ದು ಇನ್ನೊಬ್ಬರಿಗೆ. ಕಾರಣ ಆಮೇಲೆ ತಿಳಿಯಿತು. "ಅವರಿಗೆ ಮನೆ ಕಡೆ ಜವಾಬ್ದಾರಿ ಇದೆ, ಮೇಲಿಂದ ಮೇಲೆ ಅಮೆರಿಕಕ್ಕೆ ಹೋಗಿಬರೋದು ಕಷ್ಟ ಆಗಬಹುದು" ಅಂತ ಆ ಕೋಣೆಯಲ್ಲಿ ಯಾರೋ ಅಂದರು, ಉಳಿದವರು ತಲೆಯಾಡಿಸಿದರು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೋಗ್ತೀನಿ ಅನ್ನುತ್ತಿದ್ದೆ. ಮಕ್ಕಳು ದೊಡ್ಡವರಾಗಿದ್ದರು. ಆಗ ನನಗೆ ಆಗಿದ್ದು ಸಿಟ್ಟಿಗಿಂತ ಜಾಸ್ತಿ ಸುಸ್ತು. ಎಷ್ಟೋ ದಿನ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಿನೊಳಗೇ ಸುಮ್ನೆ ಕೂತಿರುತ್ತಿದ್ದೆ, ಮೇಲೆ ಹತ್ತಿ ಹೋಗೋಕೆ ಮನಸ್ಸೇ ಬರುತ್ತಿರಲಿಲ್ಲ.

ಆ ಸುಸ್ತಿನಲ್ಲೇ ಒಂದು ವಿಷಯ ಓದಿಕೊಂಡೆ. ಮೇಲಿನ ಹುದ್ದೆಗೆ ಯಾರು ಬರಬೇಕು ಅನ್ನೋದನ್ನು ಕಂಪನಿಯಲ್ಲಿ ಯಾರು ತೀರ್ಮಾನಿಸುತ್ತಾರೆ? ಷೇರುಪೇಟೆಯಲ್ಲಿರುವ ಕಂಪನಿಗಳಲ್ಲಿ ಅದಕ್ಕೆ ಬೋರ್ಡಿನ ಒಂದು ಸಮಿತಿ ಇರುತ್ತದೆ. ನಾಮಿನೇಷನ್ ಅಂಡ್ ರೆಮ್ಯುನರೇಷನ್ ಕಮಿಟಿ ಅಂತ ಹೆಸರು, ಎಲ್ಲರೂ ಎನ್‌ಆರ್‌ಸಿ ಅನ್ನುತ್ತಾರೆ. ನಿರ್ದೇಶಕರು ಮತ್ತು ಹಿರಿಯ ಅಧಿಕಾರಿಗಳ ನೇಮಕಕ್ಕೆ, ಸಂಬಳಕ್ಕೆ ಶಿಫಾರಸು ಮಾಡೋದು ಇದೇ ಸಮಿತಿ. ಅಲ್ಲಿ ಬಹುಪಾಲು ಕೂರುವವರು ಸ್ವತಂತ್ರ ನಿರ್ದೇಶಕರು, ಅಂದರೆ ಕಂಪನಿಯ ಮಾಲೀಕರ ಮನೆಯವರಲ್ಲದ, ಅಲ್ಲಿನ ನೌಕರರೂ ಅಲ್ಲದ ಹೊರಗಿನವರು. ನನ್ನಂಥವಳು ಹೋಗಿ ಕೂರಬೇಕಾದ ಜಾಗ ಅದು ಅಂತ ಆವತ್ತೇ ಅನ್ನಿಸಿತು.

ಇಲ್ಲಿ ಕಾನೂನಿನ ವಿಷಯ ಸ್ವಲ್ಪ ತಿಳಿದಿರಲಿ. 2013ರ ಕಂಪನಿ ಕಾಯ್ದೆಯ 149ನೇ ಕಲಂ ಪ್ರಕಾರ ಷೇರುಪೇಟೆಯ ಪ್ರತಿ ಕಂಪನಿಯ ಬೋರ್ಡಿನಲ್ಲೂ ಕನಿಷ್ಠ ಒಬ್ಬ ಮಹಿಳೆ ಇರಬೇಕು. 100 ಕೋಟಿ ಬಂಡವಾಳ ಅಥವಾ 300 ಕೋಟಿ ವಹಿವಾಟು ದಾಟಿದ ಉಳಿದ ಪಬ್ಲಿಕ್ ಕಂಪನಿಗಳಿಗೂ ಇದು ಅನ್ವಯ. ನಿಯಮ ಬಂದಾಗ ಎಷ್ಟೋ ಕಂಪನಿಗಳು ಮಾಲೀಕರ ಹೆಂಡತಿ, ಮಗಳು, ಸೊಸೆಯ ಹೆಸರು ಹಾಕಿ ಕೈತೊಳೆದುಕೊಂಡವು. ಲೆಕ್ಕಕ್ಕೆ ಮಹಿಳೆ ಬಂದಳು, ಮಾತು ಬರಲಿಲ್ಲ. ಅದಕ್ಕೇ, ಕಂಪನಿ ಆಡಳಿತ ಸುಧಾರಿಸಲು ನೇಮಿಸಿದ್ದ ಕೋಟಕ್ ಸಮಿತಿಯ ಶಿಫಾರಸಿನ ನಂತರ, ಷೇರುಪೇಟೆ ನಿಯಂತ್ರಿಸುವ ಸೆಬಿ ನಿಯಮ ಬಿಗಿ ಮಾಡಿತು. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 500 ಕಂಪನಿಗಳಿಗೆ 2019ರ ಏಪ್ರಿಲ್‌ನಿಂದ, ಮೊದಲ 1000 ಕಂಪನಿಗಳಿಗೆ 2020ರ ಏಪ್ರಿಲ್‌ನಿಂದ ಒಬ್ಬರಾದರೂ ಸ್ವತಂತ್ರ ಮಹಿಳಾ ನಿರ್ದೇಶಕಿ ಇರಲೇಬೇಕು. ನಮ್ಮ ಪಾಲಿಗೆ ತೆರೆದ ಬಾಗಿಲು ಇದು.

ಮೊದಲ ಅಡ್ಡಿ ನನ್ನ ಆಫೀಸಿನಲ್ಲೇ ಎದುರಾಯಿತು. ಕೆಲಸದಲ್ಲಿರುವಾಗ ಹೊರಗಿನ ಬೋರ್ಡಿಗೆ ಸೇರಬೇಕಾದರೆ ಕೆಲಸ ಕೊಟ್ಟಿರುವ ಕಂಪನಿಯ ಅನುಮತಿ ಬೇಕು. ನೇಮಕಾತಿ ಪತ್ರದಲ್ಲಿ "ಬೇರೆ ಯಾವುದೇ ಹುದ್ದೆ ಹೊಂದುವಂತಿಲ್ಲ" ಅನ್ನೋ ಸಾಲು ಹೆಚ್ಚಿನವರಿಗೆ ಇರುತ್ತದೆ, ತೆಗೆದು ನೋಡಿ. ಎಚ್‌ಆರ್‌ಗೆ ಬರೆದೆ. ಅವರು ಲೀಗಲ್‌ಗೆ ಕಳಿಸಿದರು. ಲೀಗಲ್‌ನವರು ಅಮೆರಿಕದ ಎಥಿಕ್ಸ್ ತಂಡಕ್ಕೆ ಕಳಿಸಿದರು. ಅಲ್ಲಿಂದ ಒಂದು ಫಾರಂ ಬಂತು, ತುಂಬಿ ಕಳಿಸಿದೆ, ಆಮೇಲೆ ಸದ್ದಿಲ್ಲ. ತಿಂಗಳುಗಟ್ಟಲೆ ಕಾದೆ. ನಮ್ಮಲ್ಲೇ ಇಬ್ಬರು ಗಂಡಸರಿಗೆ ಇದೇ ಅನುಮತಿ ಹಿಂದೆ ಸಿಕ್ಕಿತ್ತು ಅಂತ ಗೊತ್ತಾಗಿದ್ದು ಕ್ಯಾಂಟೀನಿನಲ್ಲಿ. ಅವರ ಹಳೆಯ ಇಮೇಲ್‌ನ ಮಾದರಿ ಕೇಳಿ ಪಡೆದು, ಅದೇ ರೀತಿಯಲ್ಲಿ ಮತ್ತೆ ಬರೆದೆ: ಪ್ರತಿಸ್ಪರ್ಧಿ ಕಂಪನಿಗೆ ಹೋಗುವುದಿಲ್ಲ, ನಮ್ಮ ಗ್ರಾಹಕರ ಅಥವಾ ಪೂರೈಕೆದಾರರ ಬೋರ್ಡಿಗೆ ಹೋಗುವುದಿಲ್ಲ, ಸಭೆಗಳಿಗೆ ನನ್ನ ರಜೆ ಬಳಸುತ್ತೇನೆ. ಆಗ ಒಪ್ಪಿಗೆ ಬಂತು. ನೀವು ಶುರುಮಾಡುವುದಿದ್ದರೆ ಇದನ್ನೇ ಎಲ್ಲಕ್ಕಿಂತ ಮೊದಲು ಮಾಡಿ. ಪರೀಕ್ಷೆ, ಫೀಸು ಎಲ್ಲ ಆಮೇಲೆ.

ಎರಡನೆಯದು ಹೆಸರಿನ ತೊಂದರೆ. ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಎರಡು ಇನಿಷಿಯಲ್ ಇವೆ. ಒಂದು ಊರಿನದು, ಒಂದು ಅಪ್ಪನದು. ಪ್ಯಾನ್ ಕಾರ್ಡಿನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದಾರೆ, ಊರಿನ ಹೆಸರೇ ಕೊನೆಯ ಹೆಸರಾಗಿ ಕೂತಿದೆ. ಮದುವೆಯಾದ ಮೇಲೆ ಮಾಡಿಸಿದ ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು ಸೇರಿಕೊಂಡಿದೆ. ಆಧಾರ್‌ನಲ್ಲಿ ಬರೀ ನನ್ನ ಹೆಸರು, ಒಂದು ಇನಿಷಿಯಲ್. ನಾಲ್ಕು ದಾಖಲೆ, ನಾಲ್ಕು ರೂಪ. ನಿರ್ದೇಶಕರ ಗುರುತಿನ ಸಂಖ್ಯೆ ಅಂದರೆ ಡಿನ್, ಡಿಜಿಟಲ್ ಸಹಿ, ಮುಂದಿನ ಎಲ್ಲ ಫಾರಂಗಳೂ ಪ್ಯಾನ್‌ನಲ್ಲಿರುವ ಹೆಸರನ್ನೇ ನೋಡುತ್ತವೆ. ಒಂದು ಅಕ್ಷರ ಆಚೀಚೆಯಾದರೂ ಮುಂದಕ್ಕೆ ಹೋಗಲ್ಲ.

ಇದು ಕರ್ನಾಟಕದ ಎಲ್ಲರಿಗೂ ಇರುವ ಕಷ್ಟ ನಿಜ, ಆದರೆ ಹೆಂಗಸರಿಗೆ ಇಮ್ಮಡಿ. ನನ್ನ ಗಂಡನ ದಾಖಲೆಗಳಲ್ಲಿ ಇನಿಷಿಯಲ್ ಒಂದೇ ಸಮಸ್ಯೆ, ಮದುವೆ ಅವರ ಹೆಸರನ್ನು ಮುಟ್ಟಲಿಲ್ಲ. ನಾನು ಆಡಿಟರ್ ಒಬ್ಬರನ್ನು ಕೇಳಿ, ಪ್ಯಾನ್ ಹೆಸರನ್ನೇ ಗಟ್ಟಿ ಮಾಡಿಕೊಂಡು ಆಧಾರ್ ಅದಕ್ಕೆ ಹೊಂದಿಸಿದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹಾಗಾಗಿ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕೂತವರು ಟೈಪ್ ಮಾಡಿದ ಮೇಲೆ ಸ್ಕ್ರೀನ್ ತೋರಿಸಿ ಅಂತ ಕೇಳಿ ಅಕ್ಷರ ಅಕ್ಷರ ಓದಿಕೊಳ್ಳಿ. ಹಳೆಯ ಅಂಕಪಟ್ಟಿ, ಪದವಿ ಪತ್ರಗಳಿಗೆ "ಈ ಎಲ್ಲ ಹೆಸರಿನವಳೂ ನಾನೇ" ಅಂತ ನೋಟರಿಯಿಂದ ಅಫಿಡವಿಟ್ ಮಾಡಿಸಿಟ್ಟುಕೊಂಡೆ. ಖರ್ಚು ಕೆಲವು ನೂರು ರೂಪಾಯಿ. ಹಿಂದೆ ಹೋಗಿ ಮದುವೆಯ ನೋಂದಣಿ ಪತ್ರ ಹುಡುಕಿದ್ದು ಮಾತ್ರ ದೊಡ್ಡ ಕೆಲಸವಾಯಿತು. ಅದು ಅಮ್ಮನ ಮನೆಯ ಗೋಡ್ರೆಜ್ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಕೆಳಗೆ ಹಾಸಿದ್ದ ಪೇಪರಿನಡಿ ಇತ್ತು.

ಮೂರನೆಯದು ಡೇಟಾ ಬ್ಯಾಂಕ್ ನೋಂದಣಿ. ಸ್ವತಂತ್ರ ನಿರ್ದೇಶಕರಾಗಬೇಕಾದವರು ಕಂಪನಿ ವ್ಯವಹಾರಗಳ ಸಚಿವಾಲಯದ ಡೇಟಾ ಬ್ಯಾಂಕಿನಲ್ಲಿ ಹೆಸರು ಸೇರಿಸಲೇಬೇಕು. 2019ರ ಡಿಸೆಂಬರ್‌ನಿಂದ ಇದು ಜಾರಿಯಲ್ಲಿದೆ. ನಡೆಸುವುದು ಹರಿಯಾಣದ ಮಾನೇಸರ್‌ನಲ್ಲಿರುವ ಐಐಸಿಎ, ಅಂದರೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಪೊರೇಟ್ ಅಫೇರ್ಸ್. ಎಲ್ಲ ಆನ್‌ಲೈನ್. ಫೀಸು ಒಂದು ವರ್ಷಕ್ಕೆ 5,000, ಐದು ವರ್ಷಕ್ಕೆ 15,000, ಜೀವಮಾನಕ್ಕೆ 25,000 ರೂ. ಇದರ ಮೇಲೆ ಶೇ. 18 ಜಿಎಸ್‌ಟಿ. ನಾನು ಐದು ವರ್ಷದ್ದು ಕಟ್ಟಿದೆ, 17,700 ರೂ. ಆಯಿತು. ಒಂದು ವರ್ಷದ್ದು ಕಟ್ಟಿದರೆ ಕೆಲಸ ಸಿಗುವ ಮೊದಲೇ ಅವಧಿ ಮುಗಿಯುವ ಸಾಧ್ಯತೆ ಇದೆ. ಕಾಯುವ ಕಾಲ ಉದ್ದ, ನಂಬಿ.

ಹೆಸರು ಸೇರಿಸಿದ ಎರಡು ವರ್ಷದೊಳಗೆ ಒಂದು ಆನ್‌ಲೈನ್ ಪರೀಕ್ಷೆ ಪಾಸಾಗಬೇಕು. 50 ಪ್ರಶ್ನೆ, 75 ನಿಮಿಷ, ಶೇ. 50 ಬಂದರೆ ಪಾಸು. ಮೊದಲು ಶೇ. 60 ಇತ್ತು, ಆಮೇಲೆ ಇಳಿಸಿದರು. ಎಷ್ಟು ಸಲ ಬೇಕಾದರೂ ಬರೆಯಬಹುದು. ಕಂಪನಿ ಕಾಯ್ದೆ, ಸೆಬಿ ನಿಯಮಗಳು, ಲೆಕ್ಕಪತ್ರ, ಬೋರ್ಡ್ ನಡವಳಿಕೆ, ಇಷ್ಟರ ಮೇಲೆ ಪ್ರಶ್ನೆ. ನಿರ್ದೇಶಕರಾಗಿಯೋ ಉನ್ನತ ಹುದ್ದೆಯಲ್ಲೋ ಮೂರು ವರ್ಷ ಅನುಭವ ಇರುವ ಕೆಲವರಿಗೆ ವಿನಾಯಿತಿ ಇದೆ. ನನಗೆ ಇರಲಿಲ್ಲ. ಅಂಥ ಹುದ್ದೆಯಲ್ಲಿ ಹೆಂಗಸರೇ ಕಡಿಮೆ ಇದ್ದಾಗ ವಿನಾಯಿತಿ ಯಾರ ಪಾಲಿಗೆ ಜಾಸ್ತಿ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಓದು ರಾತ್ರಿ ಊಟದ ಮೇಲೆ. ಕಾನೂನು ಅರ್ಥವಾಯಿತು, ಕಷ್ಟ ಆಗಿದ್ದು ಲೆಕ್ಕ. ಲಾಭ ಕಾಣಿಸುತ್ತಿದೆ, ಕೈಯಲ್ಲಿ ದುಡ್ಡಿಲ್ಲ, ಇದು ಹೇಗೆ ಅನ್ನೋದು ತಲೆಗೆ ಹತ್ತೋಕೆ ವಾರಗಳೇ ಬೇಕಾದವು. ಬಿಕಾಂ ಓದುತ್ತಿರುವ ನನ್ನ ತಂಗಿಯ ಮಗಳು ಹೇಳಿಕೊಟ್ಟಳು. ಅವಳು ಒಂದು ಗೊತ್ತಿರುವ ಕಂಪನಿಯ ವಾರ್ಷಿಕ ವರದಿ ಪ್ರಿಂಟ್ ತೆಗೆದು, ಕ್ಯಾಶ್ ಫ್ಲೋ ಪುಟದಲ್ಲಿ ಪೆನ್ಸಿಲಿನಲ್ಲಿ ಬಾಣ ಎಳೆದು, ಗ್ರಾಹಕರಿಂದ ಬರಬೇಕಾದ ಬಾಕಿ ಎಲ್ಲಿ ಅಡಗಿದೆ ಅಂತ ತೋರಿಸಿದಳು. ಆ ಪುಟ ಇವತ್ತಿಗೂ ನನ್ನ ಫೈಲಿನಲ್ಲಿದೆ. ನೀವೂ ಪುಸ್ತಕಕ್ಕಿಂತ ನಿಜವಾದ ವಾರ್ಷಿಕ ವರದಿ ಓದಿ. ಪರೀಕ್ಷೆಗೂ ಆಗುತ್ತದೆ, ಮುಂದೆ ಸಭೆಗೂ ಆಗುತ್ತದೆ.

ಪರೀಕ್ಷೆ ಮನೆಯಿಂದಲೇ, ಕ್ಯಾಮೆರಾ ಕಾವಲಿನಲ್ಲಿ. ಕೋಣೆಗೆ ಯಾರೂ ಬರುವಂತಿಲ್ಲ. ಹಾಲಿನವನು, ಕೊರಿಯರ್, ಕುಕ್ಕರ್ ಸೀಟಿ ಯಾವುದೂ ಬೇಡ ಅಂತ ಭಾನುವಾರ ಬೆಳಿಗ್ಗೆ ಇಟ್ಟುಕೊಂಡೆ. ಕರೆಂಟ್ ಹೋದರೆ ಅಂತ ಯುಪಿಎಸ್‌ಗೆ ಮೋಡೆಮ್ ಕೂಡ ಸೇರಿಸಿದ್ದೆ. ಫಲಿತಾಂಶ ಬಂದಾಗ ಎದೆ ಹಗುರಾಯಿತು. ಮಗ "ಅಮ್ಮ, ನಿನ್ನ ಮಾರ್ಕ್ಸ್ ಕಾರ್ಡಿಗೆ ನಾನು ಸಹಿ ಹಾಕ್ತೀನಿ" ಅಂದ.

ಆಮೇಲೆ ಶುರುವಾಯಿತು ನಿಜವಾದ ಕಾಯುವಿಕೆ. ಡೇಟಾ ಬ್ಯಾಂಕಿನಲ್ಲಿ ಹೆಸರಿದ್ದರೆ ಕಂಪನಿಗಳು ನೋಡುತ್ತವೆ, ಕರೆಯುತ್ತವೆ ಅಂದುಕೊಂಡು ಎಷ್ಟೋ ಜನ ಕೂತಿರುತ್ತಾರೆ. ನೋಡಬಹುದು, ಆದರೆ ಕರೆ ಬರೋದು ಪರಿಚಯದಿಂದ. ಬೋರ್ಡ್ ಹುಡುಕಿಕೊಡುವ ಏಜೆನ್ಸಿಗಳಿಗೆ ಬರೆದೆ. ಎಲ್ಲರದ್ದೂ ಒಂದೇ ಪ್ರಶ್ನೆ: ಹಿಂದೆ ಯಾವ ಬೋರ್ಡಿನಲ್ಲಿ ಇದ್ದಿರಿ? ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ ಅನ್ನೋ ಹಾಗೆ. ಮೊದಲ ಬೋರ್ಡ್ ಯಾರಾದರೂ ಕೊಡಬೇಕಲ್ಲ. ಗಂಡಸರಿಗೆ ಅದನ್ನು ಹಳೆಯ ಬಾಸ್, ಕಾಲೇಜಿನ ಗೆಳೆಯ, ಕ್ಲಬ್ಬಿನ ಸ್ನೇಹಿತ ಕೊಟ್ಟಿರುತ್ತಾರೆ. ನಾವು ಆಫೀಸ್ ಮುಗಿದ ಕೂಡಲೇ ಮನೆಗೆ ಓಡಿದವರು. ಸಂಜೆ ಏಳರ ಮೇಲಿನ ಪರಿಚಯಗಳು ನಮಗೆ ಆಗಲೇ ಇಲ್ಲ. ಈ ಕಾಲದಲ್ಲಿ ನನಗೆ ತುಂಬಾ ಬೇಜಾರಾಗಿದ್ದು ನಿಜ. ಇಪ್ಪತ್ತೈದು ವರ್ಷದ ಕೆಲಸ ಯಾರ ಕಣ್ಣಿಗೂ ಬೀಳಲಿಲ್ಲವಾ ಅನ್ನಿಸುತ್ತಿತ್ತು.

ಆಗ ಒಂದು ಕೆಲಸ ಮಾಡಿದೆ. ಕೂತು ಹೆಸರು ಬರೆದೆ: ಹಳೆಯ ಗ್ರಾಹಕರು, ಬಿಟ್ಟುಹೋದ ಮ್ಯಾನೇಜರುಗಳು, ಆಡಿಟರುಗಳು, ಒಂದು ಕಾಲದಲ್ಲಿ ನನ್ನ ಕೈಕೆಳಗೆ ಇದ್ದು ಈಗ ಸ್ವಂತ ಕಂಪನಿ ಮಾಡಿದ ಹುಡುಗರು. ಒಬ್ಬೊಬ್ಬರಿಗೂ ಫೋನ್ ಮಾಡಿ, ಸುತ್ತುಬಳಸದೆ ಹೇಳಿದೆ: ಬೋರ್ಡ್ ಹುದ್ದೆ ಹುಡುಕುತ್ತಿದ್ದೇನೆ, ಸೈಬರ್ ಭದ್ರತೆ ಮತ್ತು ದೊಡ್ಡ ಪ್ರಾಜೆಕ್ಟ್ ನಡೆಸೋದು ನನಗೆ ಗೊತ್ತು, ನಿಮ್ಮ ಕಿವಿಗೆ ಬಿದ್ದರೆ ನನ್ನ ಹೆಸರು ಹೇಳಿ. ಬಾಯಿಬಿಟ್ಟು ಕೇಳೋದು ನಮಗೆ ಯಾರೂ ಕಲಿಸಿಲ್ಲ. "ಕೆಲಸ ಚೆನ್ನಾಗಿ ಮಾಡು, ತಾನಾಗೇ ಬರುತ್ತೆ" ಅಂತಲೇ ಬೆಳೆಸಿದ್ದಾರೆ. ತಾನಾಗೇ ಬರಲ್ಲ. ಬೋರ್ಡಿಗೆ ಕೊಡುವ ಬಯೋಡೇಟಾ ಕೂಡ ಬೇರೆ ಥರ ಇರಬೇಕು, ಎರಡು ಪುಟ ದಾಟಬಾರದು. ಬಳಸಿದ ಸಾಫ್ಟ್‌ವೇರ್‌ಗಳ ಹೆಸರು ಅಲ್ಲಿ ಬೇಡ. ಎಷ್ಟು ಬಜೆಟ್ ನಿಭಾಯಿಸಿದೆ, ಯಾವ ಅಪಾಯ ತಪ್ಪಿಸಿದೆ, ಎಂಥ ಕಷ್ಟದ ತೀರ್ಮಾನ ತೆಗೆದುಕೊಂಡೆ ಅನ್ನೋದು ಬೇಕು.

ಮೊದಲು ಬಂದ ಕರೆ ಒಂದು ಕಂಪನಿಯದು, ಹೆಸರು ಬೇಡ. ಅವರಿಗೆ ಮಹಿಳೆ ತುರ್ತಾಗಿ ಬೇಕಿತ್ತು. ಮಹಿಳಾ ನಿರ್ದೇಶಕಿಯ ಸ್ಥಾನ ಖಾಲಿಯಾದರೆ ಮುಂದಿನ ಬೋರ್ಡ್ ಸಭೆ ಅಥವಾ ಮೂರು ತಿಂಗಳು, ಇವೆರಡರಲ್ಲಿ ಯಾವುದು ತಡವೋ ಅಷ್ಟರಲ್ಲಿ ತುಂಬಬೇಕು ಅಂತ ನಿಯಮ. "ಮೇಡಂ, ನಿಮಗೇನೂ ತೊಂದರೆ ಇಲ್ಲ. ವರ್ಷಕ್ಕೆ ನಾಲ್ಕು ಸಭೆ, ವಿಡಿಯೋದಲ್ಲಿ ಬಂದರೂ ನಡೆಯುತ್ತೆ, ಸಹಿ ನಾವು ತೆಗೆದುಕೊಳ್ತೀವಿ" ಅಂದರು. ಅಷ್ಟು ತಿಂಗಳು ಕಾದಿದ್ದ ನನಗೆ ಒಂದು ಕ್ಷಣ ಆಸೆ ಆಯಿತು. ಆದರೂ ಸಚಿವಾಲಯದ ಪೋರ್ಟಲ್‌ನಲ್ಲಿ 100 ರೂ. ಕಟ್ಟಿ ಆ ಕಂಪನಿಯ ಕಡತ ತೆಗೆದು ನೋಡಿದೆ. ಆಡಿಟರ್ ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟ ಎಡಿಟಿ-3 ಫಾರಂ ಅದರಲ್ಲಿತ್ತು. ಬೇಡ ಅಂದೆ.

ಇದನ್ನು ದಯವಿಟ್ಟು ಗಂಭೀರವಾಗಿ ತೆಗೆದುಕೊಳ್ಳಿ. ಕಂಪನಿ ಮೂರು ವರ್ಷ ಸತತ ವಾರ್ಷಿಕ ಲೆಕ್ಕ ಸಲ್ಲಿಸದಿದ್ದರೆ 164ನೇ ಕಲಂನಲ್ಲಿ ಅದರ ನಿರ್ದೇಶಕರು ಐದು ವರ್ಷ ಅನರ್ಹರಾಗುತ್ತಾರೆ, ಬೇರೆ ಕಂಪನಿಗೂ ಹೋಗುವಂತಿಲ್ಲ. 2017ರಲ್ಲಿ ಹೀಗೆ 3 ಲಕ್ಷಕ್ಕೂ ಹೆಚ್ಚು ಜನರನ್ನು ಅನರ್ಹಗೊಳಿಸಿದ್ದರು. ಸ್ವತಂತ್ರ ನಿರ್ದೇಶಕರಿಗೆ ಕಾನೂನು ಸ್ವಲ್ಪ ರಕ್ಷಣೆ ಕೊಡುತ್ತದೆ: ನಿಮಗೆ ಗೊತ್ತಿದ್ದು ನಡೆದ ತಪ್ಪಿಗೆ, ನೀವು ಎಚ್ಚರ ವಹಿಸದ ತಪ್ಪಿಗೆ ಮಾತ್ರ ಹೊಣೆ. ಆದರೆ ಬರೀ ಸಹಿ ಕೊಟ್ಟು ಕೂತವಳು ಎಚ್ಚರ ವಹಿಸಿದೆ ಅಂತ ಹೇಗೆ ತೋರಿಸುತ್ತಾಳೆ? ಷೇರುಪೇಟೆಯ ಕಂಪನಿಯಾದರೆ ಹಿಂದಿನ ಸ್ವತಂತ್ರ ನಿರ್ದೇಶಕರ ರಾಜೀನಾಮೆ ಪತ್ರಗಳು ಎನ್‌ಎಸ್‌ಇ, ಬಿಎಸ್‌ಇ ಜಾಲತಾಣಗಳಲ್ಲಿ ಸಿಗುತ್ತವೆ. ಕಾರಣ ಸಮೇತ ಹಾಕಬೇಕು ಅಂತ ಸೆಬಿ ನಿಯಮವಿದೆ. ಓದಿ. ನಿರ್ದೇಶಕರ ಹೊಣೆಗಾರಿಕೆ ವಿಮೆ ಇದೆಯಾ, ಮೊತ್ತ ಎಷ್ಟು ಅಂತ ಕೇಳಿ. ಕೇಳಿದ್ದಕ್ಕೆ ಮುಖ ಸಿಂಡರಿಸಿದರೆ ಅಲ್ಲಿಗೆ ಹೋಗಬೇಡಿ.

ಈಗಿನ ಕಂಪನಿಗೆ ನನ್ನ ಹೆಸರು ಹೇಳಿದ್ದು ಹಳೆಯ ಗ್ರಾಹಕ ಸಂಸ್ಥೆಯ ಹಣಕಾಸು ಅಧಿಕಾರಿ. ಸಂದರ್ಶನಕ್ಕೆ ಕೂತವರು ಮೂವರು, ಮೂವರೂ ಗಂಡಸರು. ಪ್ರಶ್ನೆಗಳು ಚೆನ್ನಾಗಿದ್ದವು. ಸೈಬರ್ ದಾಳಿಯಾದರೆ ಬೋರ್ಡ್ ಮೊದಲ ದಿನ ಏನು ಕೇಳಬೇಕು ಅಂದರು. ಸರ್ಟ್-ಇನ್‌ನ (ಸೈಬರ್ ದಾಳಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ) 2022ರ ನಿರ್ದೇಶನದಂತೆ ಆರು ಗಂಟೆಯೊಳಗೆ ವರದಿ ಮಾಡಬೇಕು, ಆ ಆರು ಗಂಟೆ ಯಾರ ಕೈಯಲ್ಲಿರುತ್ತದೆ, ಭಾನುವಾರ ರಾತ್ರಿ ಆದರೆ ಯಾರು ಫೋನ್ ಎತ್ತುತ್ತಾರೆ ಅಂತ ಮೊದಲು ಕೇಳಬೇಕು ಅಂದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆಯಲ್ಲಿ ದಂಡ 250 ಕೋಟಿ ರೂ.ವರೆಗೆ ಹೋಗಬಹುದು ಅನ್ನೋ ಮಾತೂ ಬಂತು. ನಾನು ವರ್ಷಗಟ್ಟಲೆ ಮಾಡಿದ ಕೆಲಸ ಅದು. ಮಾತಾಡುತ್ತಾ ಹೋದಂತೆ ಧೈರ್ಯ ಬಂತು.

ಕೊನೆಯಲ್ಲಿ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, "ನಿಮ್ಮಂಥ ಟೆಕ್ನಿಕಲ್ ಹೆಂಗಸರು ಸಿಗೋದೇ ಕಷ್ಟ" ಅಂದರು. ನಾನು ಹೇಳಿದೆ: ಇದೇ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ (ಐಐಎಸ್‌ಸಿ) ರಾಜೇಶ್ವರಿ ಚಟರ್ಜಿ 1953ರಲ್ಲಿ ಅಧ್ಯಾಪಕಿಯಾಗಿ ಸೇರಿ, ಮೈಕ್ರೋವೇವ್ ಇಂಜಿನಿಯರಿಂಗ್ ಕಲಿಸಿ, ಎಲೆಕ್ಟ್ರಿಕಲ್ ಕಮ್ಯುನಿಕೇಷನ್ ವಿಭಾಗದ ಮುಖ್ಯಸ್ಥೆಯಾದರು. ನಮ್ಮ ನಂಜನಗೂಡಿನವರು. ಆಗಿನಿಂದಲೂ ನಾವು ಇದ್ದೇವೆ ಸರ್, ಹುಡುಕುವ ಜಾಗ ಬದಲಾಗಬೇಕು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಸರಿ, ಮುಂದಿನ ಸಲ ಪಟ್ಟಿ ಮಾಡುವಾಗ ನೀವೂ ಕೂತಿರ್ತೀರಲ್ಲ" ಅಂದರು.

ಆಯ್ಕೆಯಾದ ಮೇಲೆ ಕಾಗದದ ಸುರಿಮಳೆ. ಡಿನ್ ನಾವಾಗಿ ತೆಗೆದುಕೊಳ್ಳೋಕೆ ಆಗಲ್ಲ, ನೇಮಿಸುವ ಕಂಪನಿ ಡಿಐಆರ್-3 ಫಾರಂನಲ್ಲಿ ಅರ್ಜಿ ಹಾಕುತ್ತದೆ, ಫೀಸು 500 ರೂ. ಅದಕ್ಕೆ ಮೊದಲು ಡಿಜಿಟಲ್ ಸಹಿ ಬೇಕು. ಫೋನಿನ ಮುಂದೆ ಕೂತು, ಪ್ಯಾನ್ ಕಾರ್ಡ್ ಹಿಡಿದು, ಹೆಸರು ಹೇಳುವ ವಿಡಿಯೋ ಪರಿಶೀಲನೆ ಇರುತ್ತದೆ. ಟೋಕನ್ ಸೇರಿ ನನಗೆ ಸುಮಾರು 2,000 ರೂ. ಆಯಿತು. ಮುಂಚೆಯೇ ಹೆಸರು ಸರಿಮಾಡಿಸಿದ್ದ ಕಷ್ಟ ಇಲ್ಲಿ ಸಾರ್ಥಕವಾಯಿತು, ಒಂದು ಫಾರಂ ಕೂಡ ವಾಪಸ್ ಬರಲಿಲ್ಲ. ನಂತರ ಡಿಐಆರ್-2 ಒಪ್ಪಿಗೆ ಪತ್ರ, ಅನರ್ಹಳಲ್ಲ ಅನ್ನುವ ಡಿಐಆರ್-8, ಬೇರೆಲ್ಲಿ ನನ್ನ ಹಿತಾಸಕ್ತಿ ಇದೆ ಅನ್ನುವ ಎಂಬಿಪಿ-1, ಸ್ವತಂತ್ರಳು ಅನ್ನುವ ಘೋಷಣೆ.

ಇಲ್ಲಿ ಮನೆಯವರೂ ಒಳಗೆ ಬರುತ್ತಾರೆ, ಮೊದಲೇ ಹೇಳಿಡಿ. ಒಳಗಿನ ಮಾಹಿತಿ ಬಳಸಿ ಷೇರು ವ್ಯಾಪಾರ ಮಾಡೋದನ್ನು ತಡೆಯುವ ನಿಯಮದಲ್ಲಿ ಹತ್ತಿರದ ಸಂಬಂಧಿಕರ ಪ್ಯಾನ್, ಫೋನ್ ನಂಬರ್ ಕೊಡಬೇಕು. ನನ್ನ ಗಂಡನ ಡಿಮ್ಯಾಟ್ ಖಾತೆಯಲ್ಲಿ ಇದೇ ಕಂಪನಿಯ ಸ್ವಲ್ಪ ಷೇರು ಇತ್ತು. ಅದನ್ನು ಘೋಷಿಸಬೇಕಾಯಿತು. ಇನ್ನು ಮುಂದೆ ತ್ರೈಮಾಸಿಕ ಮುಗಿದಾಗಿನಿಂದ ಫಲಿತಾಂಶ ಬಂದು 48 ಗಂಟೆ ಆಗುವವರೆಗೆ ಅದನ್ನು ಮುಟ್ಟುವಂತಿಲ್ಲ. ಅವರಿಗೆ ಇದು ಸ್ವಲ್ಪ ಕಿರಿಕಿರಿ ಆಯಿತು. ಸಹಿ ಹಾಕುವ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ನಿಂತೇ ಅದನ್ನೆಲ್ಲ ಮಾತಾಡಿ ಮುಗಿಸಿದೆವು.

ಷೇರುಪೇಟೆಯ ಕಂಪನಿಯಲ್ಲಿ ಬೋರ್ಡ್ ನೇಮಿಸಿದ ಮೇಲೆ ಮೂರು ತಿಂಗಳೊಳಗೆ ಅಥವಾ ಮುಂದಿನ ಮಹಾಸಭೆಯಲ್ಲಿ, ಯಾವುದು ಮೊದಲೋ ಆಗ, ಷೇರುದಾರರ ಒಪ್ಪಿಗೆ ಬೇಕು. ಸ್ವತಂತ್ರ ನಿರ್ದೇಶಕರಿಗೆ ವಿಶೇಷ ನಿರ್ಣಯ, ಅಂದರೆ ಹಾಕಿದ ಮತದಲ್ಲಿ ಮುಕ್ಕಾಲು ಭಾಗ ಪರವಾಗಿರಬೇಕು. ಇ-ವೋಟಿಂಗ್ ನಡೆಯುವ ಆ ವಾರಗಳಲ್ಲಿ ನಾನು ಅರ್ಧ ನಿರ್ದೇಶಕಿ, ಅರ್ಧ ಅಭ್ಯರ್ಥಿ. ಯಾರಿಗೂ ಹೇಳಿಕೊಳ್ಳಲಿಲ್ಲ. ಒಪ್ಪಿಗೆ ಬಂದ ದಿನ ಅಮ್ಮನಿಗೆ ಫೋನ್ ಮಾಡಿದೆ. ಬೋರ್ಡ್ ಅಂದರೆ ಏನು ಅಂತ ಕೇಳಿ ತಿಳಿದುಕೊಂಡು, "ನಿನ್ನ ಜೊತೆ ಬೇರೆ ಹೆಂಗಸರು ಯಾರಿದ್ದಾರೆ?" ಅಂದರು. ಯಾರೂ ಇಲ್ಲಮ್ಮ ಅಂದೆ.

ದುಡ್ಡಿನ ಮಾತು ಯಾರೂ ಆಡಲ್ಲ, ಅದಕ್ಕೇ ಹೇಳುತ್ತೇನೆ. ಒಂದು ಸಭೆಗೆ ಕೊಡುವ ಸಿಟ್ಟಿಂಗ್ ಫೀಸು ಕಾನೂನಿನ ಪ್ರಕಾರ ಗರಿಷ್ಠ 1 ಲಕ್ಷ ರೂ. ಬಹಳ ಕಂಪನಿಗಳು ಅದಕ್ಕಿಂತ ತುಂಬಾ ಕಡಿಮೆ ಕೊಡುತ್ತವೆ. ಲಾಭದ ಮೇಲೆ ಕಮಿಷನ್ ಇರಬಹುದು, ಸ್ಟಾಕ್ ಆಪ್ಷನ್ ಸ್ವತಂತ್ರ ನಿರ್ದೇಶಕರಿಗೆ ಇಲ್ಲ. ಸಭೆಗೆ ಮುಂಚೆ ಬರುವ ಕಡತ ನೂರಾರು ಪುಟ. ನಾನು ಎರಡು ವಾರಾಂತ್ಯ ಓದುತ್ತೇನೆ. ಆಫೀಸಿನ ರಜೆಯೂ ಇದಕ್ಕೇ ಹೋಗುತ್ತದೆ. ಹೊಟ್ಟೆಪಾಡಿಗೆ ಅಂತ ಇಲ್ಲಿಗೆ ಬರಬೇಡಿ. ಅದೇ ಹೊತ್ತಿಗೆ, ಸಮಾಜಸೇವೆ ಅಂದುಕೊಂಡು ಫೀಸು ಬೇಡ ಅನ್ನಲೂ ಬೇಡಿ. ಪಕ್ಕದ ಕುರ್ಚಿಯವರಿಗೆ ಎಷ್ಟೋ ನಮಗೂ ಅಷ್ಟು.

ಮೊದಲ ಸಭೆಯಲ್ಲಿ ಬಿಆರ್‌ಎಸ್‌ಆರ್ ವರದಿಯ, ಅಂದರೆ ಕಂಪನಿ ತನ್ನ ಸಾಮಾಜಿಕ ಮತ್ತು ಪರಿಸರ ಹೊಣೆಗಾರಿಕೆ ಬಗ್ಗೆ ಕೊಡುವ ವರದಿಯ, ಕರಡು ಬಂತು. ಷೇರುಪೇಟೆಯ ದೊಡ್ಡ 1000 ಕಂಪನಿಗಳು ಇದನ್ನು ಪ್ರತಿ ವರ್ಷ ಕೊಡಬೇಕು. ಅದರಲ್ಲಿ ಬೋರ್ಡಿನಲ್ಲಿ ಎಷ್ಟು ಹೆಂಗಸರು, ಉನ್ನತ ಅಧಿಕಾರಿಗಳಲ್ಲಿ ಎಷ್ಟು ಅನ್ನುವ ಪಟ್ಟಿ ಇರುತ್ತದೆ. ಹೆರಿಗೆ ರಜೆ ಮುಗಿಸಿ ಎಷ್ಟು ಜನ ವಾಪಸ್ ಬಂದರು, ಬಂದವರಲ್ಲಿ ಒಂದು ವರ್ಷದ ಮೇಲೂ ಎಷ್ಟು ಜನ ಉಳಿದರು ಅನ್ನೋದೂ ಇರುತ್ತದೆ. ಒಂದೇ ಪುಟ. ಯಾರೂ ನಿಲ್ಲದೆ ತಿರುಗಿಸುವ ಪುಟ ಅದು. ನಾನು ಅಲ್ಲಿ ನಿಲ್ಲಿಸಿದೆ. ಇಪ್ಪತ್ತೈದು ವರ್ಷ ನನ್ನ ಕಣ್ಣೆದುರು ಒಬ್ಬೊಬ್ಬರಾಗಿ ಕಡಿಮೆಯಾದವರೆಲ್ಲ ಆ ಎರಡು ಅಂಕಿಯ ನಡುವೆ ಇದ್ದರು. ವಾಪಸ್ ಬಂದವರ ಸಂಖ್ಯೆ ಚೆನ್ನಾಗಿತ್ತು, ಉಳಿದವರ ಸಂಖ್ಯೆ ಅಷ್ಟಿರಲಿಲ್ಲ. ಯಾವ ಹಂತದಲ್ಲಿ ಬಿಡುತ್ತಿದ್ದಾರೆ, ಮೊದಲ ಬಡ್ತಿಗೆ ಮುಂಚೆಯಾ ಆಮೇಲಾ, ಬಿಟ್ಟವರನ್ನು ಯಾರಾದರೂ ಕೇಳಿದ್ದೀರಾ ಅಂದೆ. ಎಚ್‌ಆರ್ ಮುಖ್ಯಸ್ಥರ ಹತ್ತಿರ ಹಂತವಾರು ಲೆಕ್ಕ ಇರಲಿಲ್ಲ. ಅಧ್ಯಕ್ಷರು ತಕ್ಷಣ ಒಪ್ಪಿದರು, ಮುಂದಿನ ಸಲ ತನ್ನಿ ಅಂದರು.

ನನ್ನನ್ನು ಎನ್‌ಆರ್‌ಸಿಗೂ ಸೇರಿಸಿದ್ದಾರೆ. ಕಂಪನಿ ಸೆಕ್ರೆಟರಿ ಕಳಿಸಿದ ಮುಂದಿನ ಸಭೆಯ ಅಜೆಂಡಾದಲ್ಲಿ ಆ ಹಂತವಾರು ಲೆಕ್ಕ ಐದನೇ ಅಂಶ. ಆರನೆಯದು ಒಂದು ಉಪಾಧ್ಯಕ್ಷ ಹುದ್ದೆಯ ಅಭ್ಯರ್ಥಿಗಳ ಪಟ್ಟಿ. ಪಟ್ಟಿಯಲ್ಲಿ ಸದ್ಯಕ್ಕೆ ಹೆಂಗಸರ ಹೆಸರಿಲ್ಲ. ಕಂಪನಿಯ ಒಳಗೆ ಯಾರ ಯಾರ ಹೆಸರು ನೋಡಿದಿರಿ, ಯಾರನ್ನು ಏಕೆ ಬಿಟ್ಟಿರಿ, ಬಿಟ್ಟವರನ್ನು ಖುದ್ದಾಗಿ ಕೇಳಿದಿರಾ ಅಂತ ಸೆಕ್ರೆಟರಿಗೆ ಬರೆದಿದ್ದೇನೆ. ಉತ್ತರ ಈ ವಾರ ಬರಬೇಕು.